ತವರು ನೋಡಲು ಹೊರಟ ವಿಮಾನ

ಅತ್ತೆ ವಿಮಾನ ಹತ್ತುತ್ತೇನೆ ಅಂದಾಗ ಮೊದಲು ನಕ್ಕಿದ್ದು ನನ್ನ ಗಂಡ. "ಊರು ಹೋಗು ಅಂತದೆ, ಕಾಡು ಬಾ ಅಂತದೆ. ನಿಂಗೀಗ ವಿಮಾನ ಯಂತಕ್ಕೆ ಆಯಿ?" ಅತ್ತೆ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದು ಉಟ್ಟು ಅಂಗಳದಲ್ಲಿ ನಿಂತರು. ಅಂಕೋಲೆಯಿಂದ ಕಾರವಾರಕ್ಕೆ ಕರೆದೊಯ್ಯುವ ಕೆಲಸ ಸೊಸೆಯಾದ ನನ್ನ ತಲೆಗೆ ಬಂತು.

ಅತ್ತೆಯ ತವರು ಅರ್ಗಾ. ನೌಕಾನೆಲೆಗೆ ಜಾಗ ಹೋದ ಮೇಲೆ ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ಮನೆ ಕಟ್ಟಿಕೊಂಡರು. ಹಳೆಯ ಮನೆಯ ಜಾಗ, ಹಿತ್ತಲ ಬಾವಿ ನೌಕಾನೆಲೆಯ ಗೋಡೆಯ ಒಳಗೆ ಉಳಿದವು. ಆ ಬಾವಿಯನ್ನು ಅವರ ಅಪ್ಪನೇ ತೋಡಿದ್ದಂತೆ. ಬುಟ್ಟಿಯಲ್ಲಿ ಮಣ್ಣು ಹೊತ್ತದ್ದು ಮಗಳು. ಬಸ್ಸು ಆ ಗೋಡೆಯ ಪಕ್ಕ ಹೋಗುವಾಗಲೆಲ್ಲ ಅತ್ತೆ ಸೀಟಿನಿಂದ ಎದ್ದು, ಕಂಬಿ ಹಿಡಿದು, ಕುತ್ತಿಗೆ ಉದ್ದ ಮಾಡುತ್ತಿದ್ದರು. ಕಂಡಕ್ಟರ್ ಗದರಿದರೂ ಗೋಡೆ ಮುಗಿಯುವವರೆಗೆ ಕೂರುವವರಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ಆ ಚಳಿಗಾಲ ಕಾರವಾರದ ಕಡಲತೀರಕ್ಕೆ ಎರಡು ಸೀಟಿನ ವಿಮಾನ ಬಂದಿತ್ತು. ಮೂರು ಗಾಲಿ, ಮೇಲೊಂದು ಬಟ್ಟೆಯ ರೆಕ್ಕೆ, ಹಿಂದೊಂದು ದೊಡ್ಡ ಫ್ಯಾನು. ಮದುವೆ ಚಪ್ಪರಕ್ಕೆ ಗಾಲಿ ಕಟ್ಟಿದ ಹಾಗಿತ್ತು. ಹಾರಿಸುವವನು ಮರಾಠಿ ಮಾತಾಡುವ ಹುಡುಗ. ಅರ್ಗಾ ಕಾಣುತ್ತದೆಯೇ ಎಂದು ಅತ್ತೆ ಕೊಂಕಣಿಯಲ್ಲಿ ಕೇಳಿದರು. ಆ ಕಡೆ ಹಾರಿಸುವಂತಿಲ್ಲ, ಎತ್ತರಕ್ಕೆ ಹೋದರೆ ಗುಡ್ಡದಾಚೆ ದೂರದಿಂದ ಕಂಡೀತು ಅಂದ. ಅಷ್ಟು ಸಾಕಾಯಿತು ಅವರಿಗೆ.

ಹತ್ತುವ ಮೊದಲು ಅತ್ತೆ ಚೀಲದಿಂದ ತೆಂಗಿನಕಾಯಿ ತೆಗೆದರು. ಹೊಸ ದೋಣಿ ನೀರಿಗಿಳಿಸುವಾಗ ಕಾಯಿ ಒಡೆಯದೆ ಬಿಡುತ್ತಾರೆಯೇ? ಆದರೆ ಸುತ್ತ ಮರಳೇ ಮರಳು, ಕಲ್ಲೆಲ್ಲಿಂದ ಬರಬೇಕು! ನಾನು ರಸ್ತೆಗೆ ಓಡಿ ಕಲ್ಲು ಹೊತ್ತು ತರುವಷ್ಟರಲ್ಲಿ ಕಡಲಗಾಳಿ ಎದ್ದಿತ್ತು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಅತ್ತೆಯ ಮುಖ ಅರಳಿತು. ಹುಡುಗ ಸ್ವಲ್ಪ ಹೊತ್ತು ಕಾದ. ಗಾಳಿ ಇಳಿಯಿತು ಅನ್ನಿಸಿದಾಗ ಹೊರಟ.

ಒದ್ದೆ ಮರಳಿನ ಮೇಲೆ ಓಡಿ ಗಾಲಿಗಳು ನೆಲ ಬಿಟ್ಟವು. ಆಳೆತ್ತರ ಏರಿರಬಹುದು. ಒಮ್ಮೆಲೇ ಬೀಸಿದ ಗಾಳಿ ಕಡಲಬದಿಯ ರೆಕ್ಕೆಯನ್ನು ಎತ್ತಿತು, ಇನ್ನೊಂದು ರೆಕ್ಕೆ ಮರಳಿಗೆ ಬಡಿಯಿತು, ವಿಮಾನ ಮಗುಚಿ ಬಿತ್ತು.

ಜನ ಓಡಿಬಂದು ಬೆಲ್ಟು ಬಿಚ್ಚಿ ಇಬ್ಬರನ್ನೂ ಹೊರಗೆಳೆದರು. ಅತ್ತೆಯ ಹಣೆ ತರಚಿತ್ತು, ಅಷ್ಟೆ. ಹುಡುಗನ ಮಣಿಕಟ್ಟು ಊದುತ್ತಿತ್ತು. "ಮುದುಕಿಯನ್ನ ಕೊಲ್ತಿದ್ದೆಯಲ್ಲೋ" ಎಂದು ಯಾರೋ ಅವನ ಕಾಲರ್ ಹಿಡಿದರು. ಅತ್ತೆ ಬಾಯಿಯ ಮರಳು ಉಗಿದು ಮಧ್ಯೆ ಬಂದು ನಿಂತರು. "ಬಿಡ್ರೋ ಅವನ್ನ! ದೋಣಿ ಮಗುಚಿದ್ರೆ ಅದ್ನ ನಡೆಸೋ ತಾಂಡೇಲನಿಗೆ ಹೊಡೀತ್ರಾ? ಗಾಳಿ ಯಾರ ಮಾತು ಕೇಳ್ತದೆ?" ಕಾಲರ್ ಬಿಟ್ಟರು. ಹುಡುಗ ಅಳುತ್ತಿದ್ದ. ಅತ್ತೆ ತಮ್ಮ ಸೆರಗಿನಿಂದಲೇ ಅವನ ಮುಖದ ಮರಳು ಒರೆಸಿ, ಕಾಯಿಯ ಒಂದು ಹೋಳು ಅವನ ಸರಿಯಿದ್ದ ಕೈಗೆ ಕೊಟ್ಟರು. ಅಂಥ ಗಟ್ಟಿ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ವಾಪಸು ಬಸ್ಸಿನಲ್ಲಿ ಸಿಟ್ಟು ತಡೆಯಲಾಗಲಿಲ್ಲ. "ಕಾಯಿ ಒಡೆದು ಯಂತಾ ಬಂತು ಅತ್ತೆ?"

"ಕಾಯಿ ಒಡ್ದಿದ್ದಕ್ಕೇ ತಲೆ ಒಡೀಲಿಲ್ಲ."

ಅರ್ಗಾದ ಗೋಡೆ ಶುರುವಾಯಿತು. ಅತ್ತೆ ಏಳದಿದ್ದದ್ದು ಅದೇ ಮೊದಲು. ಉಳಿದ ಹೋಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

"ಹೋಗದಿದ್ದದ್ದೇ ಒಳ್ಳೇದಾಯ್ತು, ಮಗಾ. ಮೇಲಿಂದ ನೋಡಿ ಬಾವಿನೇ ಇಲ್ದಿದ್ರೆ? ಆಮೇಲೆ ನಾನು ಯಂತ ನೆನೆಸ್ಕಂಡು ಇರ್ಲಿ?"

ನಾನು ಅವರ ಕೈ ಹಿಡಿದುಕೊಂಡೆ. ಗೋಡೆ ಮುಗಿಯಿತು. ಬಸ್ಸು ಅಮದಳ್ಳಿ ದಾಟಿತು. ಆಮೇಲೆ ಅತ್ತೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಆ ಹಾರ್ಸೋ ತಮ ವಿಮಾನ ರಿಪೇರಿ ಮಾಡ್ಕಂಡು ಮತ್ತೆ ಯಾವಾಗ ಬರ್ತನಂತೆ, ಕೇಳ್ದ್ಯಾ?"