ಅಮ್ಮನಿಗೆ ಯಾರೂ ಹೇಳದೇ ಹೋದದ್ದು

ನಮ್ಮಮ್ಮ ರೇಷ್ಮೆ ನೂಲು ತೆಗೆಯುವವಳು. ಹುತ್ತೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ಹಿತ್ತಲ ಚಪ್ಪರದ ಕೆಳಗೆ, ಕುದಿಯುವ ನೀರಿನ ಬಾಣಲೆಯ ಮುಂದೆ ಕೂತು ಗೂಡುಗಳಿಂದ ಎಳೆ ಹಿಡಿದು ಕೊಡುತ್ತಿದ್ದಳು; ನಾನು ಚರಕ ತಿರುಗಿಸುತ್ತಿದ್ದೆ. ನನ್ನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ಆ ಕೆಲಸ ಬಿಡಲಿಲ್ಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಪ್ಯಾರಾಚೂಟಿಗೆಂದು ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಒಲೆ ಆರುವುದೇ ಅಪರೂಪವಾಯಿತು.

ಆ ವರ್ಷಗಳಲ್ಲೇ ಅಮ್ಮ ಸೊರಗತೊಡಗಿದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ನೋಡನೋಡುತ್ತ ರವಿಕೆಯ ತೋಳು ಜೋಲಾಡುವಷ್ಟು ಇಳಿದುಹೋದಳು. ಪಕ್ಕದಲ್ಲೇ ತಂಬಿಗೆ ಇಟ್ಟುಕೊಂಡರೂ ಬಾಯಾರಿಕೆ ತೀರದು. ಎಳೆ ನನ್ನ ಕೈಗೆ ಕೊಟ್ಟು ಬೇಲಿ ಮರೆಗೆ ಎದ್ದೆದ್ದು ಹೋಗುವಳು.

"ಉಷ್ಣ ಕಣೇ, ಈ ಬಾಣ್ಲೆ ಮುಂದೆ ಕೂತು ಕೂತು" ಅನ್ನುತ್ತಿದ್ದಳು.

ಮಜ್ಜಿಗೆ ಕುಡಿದಳು, ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡಳು. ಏನೂ ತಗ್ಗಲಿಲ್ಲ. ಮಾಲೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಣ್ಣ ಊರಿಗೆ ಬಂದವನು ಅವಳನ್ನು ಕಂಡು ಗಾಬರಿಯಾಗಿ, ನಮ್ಮಿಬ್ಬರನ್ನೂ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಅಮ್ಮನ ಮೂತ್ರವನ್ನು ನೀಲಿ ನೀರಿಗೆ ಬೆರೆಸಿ ಗಾಜಿನ ಕೊಳವೆಯಲ್ಲಿ ಕಾಯಿಸಿದರು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕೊಳವೆಯನ್ನು ಬೆಳಕಿಗೆ ಹಿಡಿದು ಅಣ್ಣನೊಂದಿಗೆ ಮಾತಾಡಿದರು.

"ಸಕ್ಕರೆ ಕಾಯಿಲೆ. ಇಂಜೆಕ್ಷನ್ ಇದೆ, ಆದ್ರೆ ಈ ಯುದ್ಧದಲ್ಲಿ ನಮ್ಮ ಆಸ್ಪತ್ರೇವರೆಗೂ ಬರೋದಿಲ್ಲ. ಸಿಹಿ ಬಿಡಿಸಿ. ಪಥ್ಯ ಮಾಡಿಸಿ."

"ಪಥ್ಯ ಅಂದ್ರೆ ಏನ್ ತಿನ್ಬೇಕು ಸ್ವಾಮಿ? ಹೆಂಗಿರಬೇಕು?" ಎಂದು ನಾನು ಕೇಳಿದೆ.

"ಅದನ್ನೆಲ್ಲಾ ಕೂರಿಸ್ಕೊಂಡು ಹೇಳ್ಕೊಡೋಕೆ ಬೆಂಗಳೂರಲ್ಲಿ ಇದ್ದಾರಮ್ಮ. ಅಲ್ಲಿಗೆ ಹೋಗಿ ಕೆಲವು ದಿವಸ ಇರಬೇಕು."

ಬೆಂಗಳೂರಿನಲ್ಲಿ ನಮಗೆ ಯಾರಿದ್ದರು? ನಮ್ಮ ಬೆನ್ನ ಹಿಂದೆ ಮಗು ಎತ್ತಿಕೊಂಡ ಹೆಂಗಸರು ಬಾಗಿಲಿನವರೆಗೂ ಸಾಲುಗಟ್ಟಿ ನಿಂತಿದ್ದರು. ನಾವು ಎದ್ದೆವು.

ಮನೆಯಲ್ಲಿ ತೆಲುಗೇ ಹೆಚ್ಚಾಗಿ ಆಡುತ್ತಿದ್ದ ಅಮ್ಮನಿಗೆ ಆಸ್ಪತ್ರೆಯ ಮಾತು ಅಷ್ಟಾಗಿ ಹತ್ತಿರಲಿಲ್ಲ. ಹೊರಗೆ ಬಂದ ಮೇಲೆ "ಏಮಿ ಚೆಪ್ಪಿನಾಡೇ?" ಎಂದಳು. ಏನು ಹೇಳಿದ ಎಂದು ಕೇಳುತ್ತಿದ್ದಳು.

"ಸಿಹಿ ತಿನ್ಬಾರ್ದಂತೆ."

"ಅಷ್ಟೇನಾ?" ಎಂದು ಅವಳು ನಕ್ಕೇಬಿಟ್ಟಳು.

ಆ ಮಾತನ್ನು ಅವಳು ಅಕ್ಷರಶಃ ನಡೆಸಿದಳು. ಬೆಲ್ಲ ಬಿಟ್ಟಳು, ಯುಗಾದಿಯ ಹೋಳಿಗೆಯನ್ನು ನಮಗೆಲ್ಲ ಬಡಿಸಿ ತಾನು ಮುಟ್ಟಲಿಲ್ಲ. ಆದರೆ ಇಳಿದುಹೋದ ಮೈಯಿಗೆ ಶಕ್ತಿ ಬರಲಿ ಎಂದು ಅಕ್ಕಪಕ್ಕದವರು ಹೇಳಿದ್ದಕ್ಕೆ ಮುದ್ದೆ ದೊಡ್ಡದಾಯಿತು, ಮಧ್ಯಾಹ್ನಕ್ಕೂ ಸಂಜೆಗೂ ನಡುವೆ ಗಂಜಿ ಸೇರಿತು. ಶ್ರೀನಿವಾಸಪುರದ ಚಿಕ್ಕಮ್ಮ ಮಾವಿನಹಣ್ಣು ತಂದಾಗ ನಾವೇ ಹೆಚ್ಚಿಕೊಟ್ಟೆವು. "ಇದೇನ್ ಬೆಲ್ಲ ಹಾಕಿ ಮಾಡಿದ್ದಾ? ದೇವರು ಕೊಟ್ಟ ಹಣ್ಣು, ತಿನ್ನಕ್ಕಾ" ಎಂದಳು ಚಿಕ್ಕಮ್ಮ. ಅದು ನಮಗೆಲ್ಲ ಸರಿಯೆನಿಸಿತು.

ಮುಂದಿನ ವರ್ಷ ಅಮ್ಮ ಬಾಣಲೆಗೆ ಕೈಯದ್ದುವ ರೀತಿಯೇ ಬೇರೆಯಾಯಿತು. ನೂಲು ತೆಗೆಯುವವರೆಲ್ಲ ಪಕ್ಕದಲ್ಲಿ ತಣ್ಣೀರು ಇಟ್ಟುಕೊಂಡು ಬೆರಳು ಅದ್ದಿಕೊಳ್ಳುತ್ತಾರೆ. ಅವಳು ಆ ಬಟ್ಟಲನ್ನೇ ಅತ್ತ ಸರಿಸಿಬಿಟ್ಟಳು.

"ಈಚೀಚೆಗೆ ಬಿಸಿನೇ ಹತ್ತಲ್ಲ ಕಣೇ ನಂಗೆ."

ಅದರಲ್ಲಿ ಹೆಮ್ಮೆಯಿತ್ತು. ಬಂದ ಹೆಂಗಸರು ಅವಳ ಕೈಯನ್ನು ಹಿಡಿದು ನೋಡಿ ಹೊಗಳಿದರು. ಅದು ಕಾಯಿಲೆಯ ಕೆಲಸವೆಂದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಆ ಬೇಸಿಗೆಯಲ್ಲಿ ಬಲಗೈಯ ತೋರುಬೆರಳು ಬೊಬ್ಬೆಯೆದ್ದು ಒಡೆಯಿತು. ನೋವಿಲ್ಲವಾದ್ದರಿಂದ ಅರಿಸಿನ ಮೆತ್ತಿಕೊಂಡು ಮತ್ತೆ ಕೂತಳು. ಬೆರಳು ಕಪ್ಪಾಗಿ, ವಾಸನೆ ಬಂದು, ಜ್ವರ ಏರಿದ ಮೇಲೆ ಅಣ್ಣನನ್ನು ಕರೆಸಿ, ಗಾಡಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋದೆವು. ಬೆರಳು ತೆಗೆದರು. ಅಷ್ಟರಲ್ಲಾಗಲೇ ಕಪ್ಪು ಅಂಗೈಗೆ ಇಳಿದಿತ್ತು.

ಡಾಕ್ಟರು ಬೇರೆಯವರಾಗಿದ್ದರು. ಅವರಿಗೆ ಸಿಟ್ಟು ಬಂತು.

"ಸಕ್ಕರೆ ಕಾಯಿಲೆಯವರನ್ನ ಕುದಿಯೋ ನೀರಿಗೆ ಕೈ ಹಾಕೋಕೆ ಬಿಡ್ತಾರೇನಮ್ಮ? ಅಷ್ಟೂ ತಿಳಿಯಲ್ವಾ?"

"ಯಾರೂ ಹೇಳ್ಲಿಲ್ಲ ಸ್ವಾಮಿ" ಎಂದ ಅಣ್ಣ.

ಮಂಚದ ಮೇಲಿಂದ ಅಮ್ಮ ನನ್ನ ಸೆರಗು ಹಿಡಿದೆಳೆದಳು. ಡಾಕ್ಟರು ಬೈಯುತ್ತಿರುವುದು ಅವಳಿಗೆ ಗೊತ್ತಾಗಿತ್ತು.

"ಬೆಲ್ಲ ಬಾಯಿಗೆ ಹಾಕ್ಲಿಲ್ಲ ಅಂತ ಹೇಳೇ ಅವರಿಗೆ."

ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ಅಮ್ಮ ಆ ವಾರ್ಡಿನಲ್ಲೇ ತೀರಿಕೊಂಡಳು.

ಯುದ್ಧ ಮುಗಿದ ಮೇಲೆ ಮಾಲೂರಿಗೆ ಹೋದಾಗ, ಅಣ್ಣ ಊಟದ ನಡುವೆ ಚೊಂಬು ಎತ್ತಿ ಗಟಗಟ ಕುಡಿಯುವುದನ್ನು ಕಂಡೆ. ಕೆನ್ನೆ ಒಳಗೆ ಹೋಗಿತ್ತು. ಅತ್ತಿಗೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

"ಅಣ್ಣ, ಒಂದ್ಸಲ ಪರೀಕ್ಷೆ ಮಾಡಿಸ್ಕೋ" ಎಂದೆ.

"ಹೋಗಿ ಏನ್ ಮಾಡ್ಲಿ? ಅಮ್ಮ ಹೋಗಿದ್ಲಲ್ಲ" ಎಂದ.

ಅವನು ಹೋಗಲಿಲ್ಲ. ಮರುವರ್ಷದ ಹೊತ್ತಿಗೆ ಅಂಗಡಿಯಲ್ಲಿ ಗಜಕಡ್ಡಿಯ ಗುರುತು ಕಾಣದೆ ಬಟ್ಟೆ ಅಳತೆ ತಪ್ಪತೊಡಗಿತು. ಮಾಲೀಕರು ಅವನನ್ನು ಮನೆಗೆ ಕಳಿಸಿದರು. ಹಗಲೆಲ್ಲ ಜಗುಲಿಯಲ್ಲಿ ಕೂತಿರುತ್ತಿದ್ದ, ನಾನು ಎದುರಿಗೆ ಹೋಗಿ ನಿಂತರೂ "ಯಾರು?" ಅನ್ನುತ್ತಿದ್ದ.