ಕೇಳಿ ಹಿಡಿದ ಕೈ

ದೆವ್ವ, ಶಕುನ, ಪವಾಡಗಳ ಮಾತು ಶುರುವಾದರೆ ಎದ್ದು ಹೋಗಿ ಕಾಫಿಗೆ ನೀರಿಡುವವಳು ನಾನು. ಭೌತಶಾಸ್ತ್ರ ಓದಿದ್ದೇನೆಂಬ ಜಂಬವೂ ಅದರಲ್ಲಿ ಸ್ವಲ್ಪ ಇತ್ತು. ನೆಂಟರ ನಡುವೆ ಯಾರಾದರೂ ‘ನಮ್ಮ ಮಾವನಿಗೆ ಹೀಗಾಯಿತಂತೆ’ ಎಂದರೆ, ‘ನೀವೇ ಕಣ್ಣಾರೆ ಕಂಡದ್ದಿದ್ದರೆ ಹೇಳಿ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳುತ್ತಿರುವುದು ನಾನೇ ಕಣ್ಣಾರೆ ಕಂಡದ್ದು. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನನ್ನ ಗಂಡನಿಗೆ ಬ್ಯಾಂಕಿನ ಕೆಲಸ. ತಿರುವನಂತಪುರಕ್ಕೆ ವರ್ಗವಾಗಿ ಬಂದು ನಾವು ಶ್ರೀಕಾರ್ಯಂನಲ್ಲಿ ಮನೆ ಮಾಡಿದ್ದೆವು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗಳು ಮಲಯಾಳದಲ್ಲಿ ಉತ್ತರ ಕೊಡುತ್ತ ಕೊಡುತ್ತ, ಆರು ವರ್ಷಗಳಲ್ಲಿ ನನಗೂ ಆ ಭಾಷೆ ಬಂದುಬಿಟ್ಟಿತ್ತು. ಆ ಧೈರ್ಯದ ಮೇಲೆ ಕನ್ನಡದ ಪ್ರಕಾಶಕರೊಬ್ಬರಿಗೆ ಒಂದು ಪುಸ್ತಕ ಒಪ್ಪಿಕೊಂಡೆ. ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡುವವರ ಸಂದರ್ಶನಗಳು: ಮೊದಲನೆಯದು ಕೇರಳದಲ್ಲಿ, ಆಮೇಲೆ ಕೊಲಂಬೊ, ಕಠ್ಮಂಡು. ಪಾಸ್‌ಪೋರ್ಟಿನಲ್ಲಿ ಒಂದೂ ಮುದ್ರೆ ಬೀಳದಿದ್ದ ನನಗೆ ಅದೊಂದು ಸಂಭ್ರಮ. ಸೂಟ್‌ಕೇಸನ್ನು ಹದಿನೈದು ದಿನ ಮೊದಲೇ ತೆಗೆದಿಟ್ಟಿದ್ದೆ.

ಕೇರಳದಲ್ಲಿ ನಾನು ಆರಿಸಿಕೊಂಡದ್ದು ಫಿಲೋಮಿನ ಚೇಚ್ಚಿಯನ್ನು. ಚೇಚ್ಚಿ ಎಂದರೆ ಅಕ್ಕ; ಅವರಿಗೆ ಅರವತ್ತರ ಹತ್ತಿರ. ಮಗುವಾಗಿದ್ದಾಗ ಪೋಲಿಯೊ ಬಂದು ಗಾಲಿಕುರ್ಚಿಯಲ್ಲೇ ಬೆಳೆದವರು. ಮತಗಟ್ಟೆ, ಇಗರ್ಜಿ, ಅಂಚೆ ಕಚೇರಿ ಎಲ್ಲಕ್ಕೂ ಇಳಿಜಾರು ದಾರಿ ಮಾಡಿಸಿ ಎಂದು ಮೂವತ್ತು ವರ್ಷ ಅರ್ಜಿ ಬರೆದು, ಧರಣಿ ಕೂತು ಫೋರ್ಟ್ ಕೊಚ್ಚಿಯಲ್ಲಿ ಹೆಸರಾದವರು.

ಅವರನ್ನು ಮೊದಲು ಕಂಡದ್ದು ತಿರುವನಂತಪುರದ ಒಂದು ಸಭೆಯಲ್ಲಿ. ಆ ಸಭಾಂಗಣಕ್ಕೆ ಇಳಿಜಾರೇನೋ ಇತ್ತು, ಆದರೆ ಅದರ ಮೇಲೆ ಸಾಲಾಗಿ ಹೂಕುಂಡಗಳನ್ನು ಇಟ್ಟಿದ್ದರು. ಯಾರೋ ಅವನ್ನು ಎತ್ತಿಡುತ್ತಿದ್ದಾಗ, ಒಳ್ಳೆಯವಳೆನಿಸಿಕೊಳ್ಳುವ ಅವಸರದಲ್ಲಿ ನಾನು ಹಿಂದಿನಿಂದ ಹೋಗಿ ಅವರ ಕುರ್ಚಿಯನ್ನು ತಳ್ಳಿದೆ. ಅವರು ಪಟ್ಟನೆ ಬ್ರೇಕ್ ಹಾಕಿದರು. ಕುರ್ಚಿಯ ಹಿಡಿ ನನ್ನ ಹೊಟ್ಟೆಗೆ ಬಡಿಯಿತು.

“ಮೋಳೇ,” ಎಂದರು, ಮಗಳೇ ಎಂಬಂತೆ, ತುಂಬ ಮೃದುವಾಗಿ. “ನೀನು ಬಸ್ಸಿಗೆ ಕಾಯ್ತಾ ನಿಂತಿರ್ತೀಯ. ನಾನು ಬಂದು ಒಂದು ಮಾತೂ ಕೇಳದೆ ನಿನ್ನ ಸೊಂಟ ಹಿಡಿದೆತ್ತಿ ನಾಲ್ಕು ಹೆಜ್ಜೆ ಆಚೆ ಇಡ್ತೀನಿ. ಥ್ಯಾಂಕ್ಸ್ ಹೇಳ್ತೀಯಾ?”

“ಇಲ್ಲ ಚೇಚ್ಚಿ.”

“ಈ ಕುರ್ಚಿ ನನ್ನ ಮೈ. ಮುಟ್ಟೋ ಮುಂಚೆ ಕೇಳ್ಬೇಕು.”

ಹೊಟ್ಟೆ ನೀವಿಕೊಳ್ಳುತ್ತ ಒಪ್ಪಿಕೊಂಡೆ. ಅಲ್ಲಿಂದ ಸ್ನೇಹ ಬೆಳೆಯಿತು.

ಒಂದು ತಿಂಗಳ ಬಳಿಕ ಸಂದರ್ಶನಕ್ಕೆಂದು ಫೋರ್ಟ್ ಕೊಚ್ಚಿಯ ಅವರ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಕೊಚ್ಚಿಯಿಂದಲೇ ನನಗೆ ಕೊಲಂಬೊ ವಿಮಾನ. ಎರಡು ಗಂಟೆ ಮಾತಾಡಿದ ಮೇಲೆ ಚೇಚ್ಚಿ ಮೀನು ತರಲು ಹೊರಟರು, ನಾನೂ ಹೊರಟೆ. ಎರಡು ಬೀದಿ ದಾಟಿದರೆ ನೀರು. ಮತ್ತಿ ಮೀನನ್ನು ಒಂದೊಂದಾಗಿ ಒತ್ತಿ ನೋಡಿ, ಮಾರುವವಳೊಡನೆ ಜಗಳವಾಡಿ, ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡರು. ಅಲ್ಲೇ ಪಕ್ಕದಲ್ಲಿ, ಹಿಂದೆ ಯಾವ ಕಾಲದಲ್ಲೋ ದೋಣಿಗಳನ್ನು ದಡಕ್ಕೆ ಎಳೆಯಲು ಕಟ್ಟಿದ್ದ ಸಿಮೆಂಟಿನ ಇಳಿಜಾರು ಇದೆ. ಈಗ ಯಾರೂ ಬಳಸುವುದಿಲ್ಲ. ಕೆಳಗಿನ ಅರ್ಧಕ್ಕೆ ಪಾಚಿ ಹಿಡಿದಿದೆ. ಅದು ಮುಗಿದಲ್ಲಿ ನೀರು, ಹಡಗು ಹೋಗುವಷ್ಟು ಆಳ.

ಪುಸ್ತಕಕ್ಕೆ ಒಂದು ಫೋಟೊ ಬೇಕು ಎಂದದ್ದು ನಾನು. ನೀರು, ಆಚೆಯ ದಡ, ನಿಧಾನವಾಗಿ ಬರುತ್ತಿದ್ದ ಹಡಗು ಎಲ್ಲವೂ ಅದರಲ್ಲಿ ಬರಬೇಕೆಂಬ ಆಸೆ. ಚೇಚ್ಚಿ ನೀರಿಗೆ ಬೆನ್ನು ಮಾಡಿ ಇಳಿಜಾರಿನ ತಲೆಯ ಬಳಿ ಬಂದರು. ನಾನು ಮೊಬೈಲ್ ಹಿಡಿದು ಹಿಂದಕ್ಕೆ ಸರಿಯುತ್ತ ಇಪ್ಪತ್ತು ಹೆಜ್ಜೆ ದೂರ ಹೋದೆ.

“ಇನ್ನೂ ಸ್ವಲ್ಪ ಹಿಂದೆ, ಚೇಚ್ಚಿ.”

“ಫೋಟೊದಲ್ಲಿ ನಾನಿರ್ತೀನೋ, ಹಡಗೊಂದೇ ಇರತ್ತೋ?” ಎಂದು ಕೂಗಿದರು.

“ಇನ್ನೊಂದು ಚೂರು.”

ಹಿಂದಿನ ಗಾಲಿಗಳು ಅಂಚು ದಾಟಿದವು.

ಅವರು ಎರಡೂ ಗಾಲಿಗಳನ್ನು ಗಟ್ಟಿಯಾಗಿ ಹಿಡಿದದ್ದು ಕಂಡಿತು. ಮೀನು ಮುಟ್ಟಿದ ಕೈ, ಜಾರಿತು. ಬ್ರೇಕಿಗೆ ಕೈ ಹಾಕುವಷ್ಟರಲ್ಲಿ ಕುರ್ಚಿ ಪಾಚಿಯ ಮೇಲಿತ್ತು. ನಾನು ತಕ್ಷಣ ಓಡಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಒಂದು ಕ್ಷಣ, ಎರಡೂ ಇರಬಹುದು, ಮೊಬೈಲ್ ಹಿಡಿದ ಕೈ ಹಾಗೆಯೇ ಮೇಲಿತ್ತು, ಕಾಲು ಏಳಲಿಲ್ಲ. ಆಮೇಲೆ ಓಡಿದೆ. ಚೇಚ್ಚಿಯ ಮುಖ ನನ್ನ ಕಡೆಗೇ ಇತ್ತು, ಚಿಕ್ಕದಾಗುತ್ತ ಹೋಗುತ್ತಿತ್ತು. ತುಟಿ ಅಲ್ಲಾಡಿತು, ಏನೋ ಹೇಳಿದರು. ಕುರ್ಚಿ ನಿಂತಿತು.

ನಿಧಾನವಾಗುತ್ತ ಬಂದು ನಿಂತದ್ದಲ್ಲ. ಮುಚ್ಚಿಕೊಳ್ಳುತ್ತಿರುವ ಬಾಗಿಲನ್ನು ಯಾರೋ ಕೈಕೊಟ್ಟು ತಡೆದಂತೆ ನಿಂತಿತು. ನೀರಿಗೆ ಒಂದು ಮಾರೂ ಉಳಿದಿರಲಿಲ್ಲ. ನಾನು ಪಾಚಿಯ ಮೇಲೆ ಕಾಲಿಡುತ್ತಲೇ ಬಿದ್ದು, ಕುಳಿತೇ ಜಾರುತ್ತ ಹೋಗಿ ಕಾಲು ಇಡುವ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನ್ನ ಕಿರುಚಾಟ ಕೇಳಿ ಬಲೆ ಎಳೆಯುತ್ತಿದ್ದ ನಾಲ್ವರು ಹಗ್ಗ ತಂದರು. ಅವರು ಏನೂ ಕೇಳದೆ ಕುರ್ಚಿ ಹಿಡಿದೆಳೆದರು. ಚೇಚ್ಚಿ ಅಂದು ಯಾರನ್ನೂ ಬೈಯಲಿಲ್ಲ. ಮೀನಿನ ಪೊಟ್ಟಣ ಮಡಿಲಲ್ಲೇ ಇತ್ತು.

ಮೇಲೆ ಬಂದ ಮೇಲೆ ಅವರು ಕೇಳಿದ ಮೊದಲ ಮಾತು: “ಆ ಮನುಷ್ಯ ಎಲ್ಲಿ?”

“ಯಾರು?”

“ಹಿಂದಿಂದ ಹಿಡಿದಿದ್ದನಲ್ಲ. ‘ಪಿಡಿಕ್ಕಟ್ಟೇ’ ಅಂತ ಕೇಳಿದ. ‘ಪಿಡಿಚ್ಚೋ’ ಅಂದೆ, ಹಿಡಿದ.”

ಹಿಡಿಯಲಾ ಎಂದು ಕೇಳಿದ್ದು, ಹಿಡಿ ಎಂದದ್ದು. ಚೇಚ್ಚಿಯ ಮುಖದಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. “ಮೂವತ್ತು ವರ್ಷ ಊರಿಗೆಲ್ಲ ಹೇಳ್ಕೊಂಡು ಬಂದೆ, ಕೇಳಿ ಹಿಡೀರಿ ಅಂತ. ಒಬ್ಬನಾದ್ರೂ ಕಲಿತನಲ್ಲ, ಅದೂ ಅಂಥಾ ಹೊತ್ತಲ್ಲಿ. ಹೋಗು ಮೋಳೇ, ಅವನಿಗೊಂದು ಚಹಾ ಕೊಡಿಸು.”

ಅವರ ಹಿಂದೆ ಯಾರೂ ಇರಲಿಲ್ಲ. ಅಷ್ಟು ಹೊತ್ತೂ ನಾನು ಎದುರಿನಿಂದ ನೋಡುತ್ತಿದ್ದೆ. ಬಲೆಯವರನ್ನು ಕೇಳಿದೆವು. ಅವರಲ್ಲಿ ಹಿರಿಯನೊಬ್ಬ ತಲೆಯಾಡಿಸಿದ. “ಆ ಪಾಚಿ ಮೇಲೆ ಬೆಕ್ಕು ಕೂಡ ನಿಲ್ಲಲ್ಲ, ಚೇಚ್ಚಿ. ನಿಂತಿದ್ದೋನು ಸಿಕ್ಕಿದ್ರೆ ಕರ್ಕೊಂಡು ಬನ್ನಿ, ನಮ್ಮ ಬಲೆಗೆ ಅಂಥೋನೇ ಬೇಕು.”

ಗಾಲಿ ಯಾವುದೋ ಬಿರುಕಿಗೆ ಸಿಕ್ಕಿರಬೇಕು ಎಂದು ನಾನು ವಾದಿಸಿದೆ. ಭೌತಶಾಸ್ತ್ರದ ಮಾನ ಉಳಿಯಬೇಕಿತ್ತಲ್ಲ. “ಹಾಗಾದ್ರೆ ಪರೀಕ್ಷೆ ಮಾಡು” ಎಂದರು ಚೇಚ್ಚಿ. ಮಧ್ಯಾಹ್ನ ಅವರ ಹಳೆಯ ಕುರ್ಚಿಗೆ ಅಕ್ಕಿಯ ಚೀಲ ಕಟ್ಟಿ, ಹಗ್ಗ ಬಿಗಿದು, ಅದೇ ಜಾಗದಿಂದ ಬಿಟ್ಟು ನೋಡಿದೆವು. ಬಲೆಯವರು ಹಗ್ಗ ಹಿಡಿದರು, ಮೀನು ಮಾರುವವಳು ಪ್ರೇಕ್ಷಕಿ. ಮೂರು ಸಲವೂ ಕುರ್ಚಿ ಎಲ್ಲೂ ತಡೆಯದೆ ಸೀದಾ ನೀರಿಗೇ ಹೋಯಿತು. “ನಾನು ಪಾಸು, ಅಕ್ಕಿ ಫೇಲು” ಎಂದರು ಚೇಚ್ಚಿ. ಹಗ್ಗ ಹಿಡಿದವರು ನಗುತ್ತ ಕೂತುಬಿಟ್ಟರು. ಇಳಿಜಾರಿಗಾಗಿ ಜೀವಮಾನವಿಡೀ ಹೋರಾಡಿದವಳು ಇಳಿಜಾರಿನಲ್ಲೇ ಸತ್ತಿದ್ದರೆ ಪತ್ರಿಕೆಯವರಿಗೆ ಎಂಥಾ ತಲೆಬರಹ ಸಿಗುತ್ತಿತ್ತು ಎಂದು ಅವರೇ ಹೇಳಿ ಮತ್ತೆ ನಗಿಸಿದರು. ನನ್ನ ಗಂಡನಿಗೆ ಫೋನ್ ಮಾಡಿದಾಗ, “ನೀನು ಸಂದರ್ಶನಕ್ಕೆ ಹೋದ್ಯೋ, ಜನಾನ ನೀರಿಗೆ ತಳ್ಳೋಕೆ ಹೋದ್ಯೋ?” ಎಂದ. ಆ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ.

ಕೊಲಂಬೊದ ಹೋಟೆಲಿನಲ್ಲಿ ಕೂತು ಧ್ವನಿಮುದ್ರಣ ಕೇಳುತ್ತ ಬರೆದುಕೊಳ್ಳುವಾಗ ಇನ್ನೊಂದು ವಿಷಯ ತಿಳಿಯಿತು. ಸಂದರ್ಶನ ಮುಗಿದರೂ ಬೀಳ್ಕೊಳ್ಳುವ ತನಕ ರೆಕಾರ್ಡರ್ ಆರಿಸದಿರುವುದು ನನ್ನ ರೂಢಿ, ಒಳ್ಳೆಯ ಮಾತುಗಳು ಬರುವುದು ಬಾಗಿಲ ಬಳಿ. ಚೇಚ್ಚಿಯ ದುಪಟ್ಟಾಗೆ ಸಿಕ್ಕಿಸಿದ್ದ ಪುಟ್ಟ ಮೈಕು ಮೀನಿನಂಗಡಿಗೂ ಬಂದಿತ್ತು. ಮೀನಿನ ಚೌಕಾಸಿ, ‘ಇನ್ನೊಂದು ಚೂರು’ ಎಂಬ ನನ್ನ ದನಿ, ಗಾಲಿ ಸಿಮೆಂಟಿಗೆ ಉಜ್ಜುವ ಸದ್ದು, ಅವರ ಉಸಿರು ಎಲ್ಲವೂ ಇತ್ತು. ಆಮೇಲೆ ಉಸಿರೂ ನಿಂತು ಒಂದು ಸಣ್ಣ ಮೌನ, ಯಾರಾದರೂ ಒಂದು ಮಾತು ಕೇಳುವಷ್ಟು ಹೊತ್ತು. ಆ ಬಳಿಕ ಅವರ ಸ್ಪಷ್ಟವಾದ, ಅವಸರವಿಲ್ಲದ ಉತ್ತರ: ‘ಪಿಡಿಚ್ಚೋ.’ ಗಾಲಿಯ ಸದ್ದು ಅಲ್ಲಿಗೇ ನಿಂತಿತ್ತು. ನಾನು ಬಿದ್ದ ಸದ್ದು ಕೇಳಿದ್ದು ಅದಾದ ಐದು ಸೆಕೆಂಡಿಗೆ. ಹಿಂದೆ ಮುಂದೆ ಹಾಕಿ ಎಷ್ಟೋ ಸಲ ಎಣಿಸಿದ್ದೇನೆ. ಬೇರೆ ಯಾರ ದನಿಯೂ ಇಲ್ಲ.

ಫೋನಿನಲ್ಲಿ ಅದನ್ನು ಕೇಳಿಸಿದೆ. ಚೇಚ್ಚಿ ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ, “ನನ್ನ ದನಿ ಎಷ್ಟು ಗಟ್ಟಿ ಇದೆ ನೋಡು. ನಡುಗ್ತಾ ಇರೋದು ನೀನು” ಎಂದರು. ಪುಸ್ತಕದಲ್ಲಿ ಮಾತ್ರ ಇದು ಬೇಡ ಎಂದರು. “ಕರ್ತನು ಕಾಪಾಡಿದ ಅಂತ ನನ್ನನ್ನ ಪ್ರಾರ್ಥನಾ ಕೂಟಕ್ಕೆ ಹೊತ್ಕೊಂಡು ಹೋಗ್ತಾರೆ. ಆಮೇಲೆ ಎದ್ದು ನಡಿ ಅಂತಾರೆ. ನನಗೆ ಬೇರೆ ಕೆಲಸ ಇದೆ.” ನಾನು ಬರೆಯಲಿಲ್ಲ. ಪುಸ್ತಕ ಬಂತು, ಹಡಗಿಲ್ಲದ ಫೋಟೊದೊಂದಿಗೆ. ಈಗ ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ. ದೇವರೆಂದೂ ಬರೆಯಬಾರದು, ದೆವ್ವವೆಂದೂ ಬರೆಯಬಾರದು, ನಡೆದಷ್ಟನ್ನೇ ಬರೆಯಬೇಕು ಎಂಬ ಷರತ್ತಿನ ಮೇಲೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಒಂದು ಪ್ರಶ್ನೆ ಮಾತ್ರ ಬಹಳ ದಿನದಿಂದ ಗಂಟಲಲ್ಲಿತ್ತು. ಹತ್ತು ಜನ ಸಹಾಯಕ್ಕೆ ಬಂದರೆ ಒಂಬತ್ತು ಜನಕ್ಕೆ ‘ವೇಂಡ’, ಬೇಡ, ಎನ್ನುವುದು ಚೇಚ್ಚಿಯ ಅಭ್ಯಾಸ. ಹೋದ ತಿಂಗಳು ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಚೇಚ್ಚಿ, ಅವತ್ತೂ ಬಾಯಿತಪ್ಪಿ ಬೇಡ ಅಂದಿದ್ರೆ?”

“ಬಿಟ್ಟುಬಿಡ್ತಿದ್ದ,” ಎಂದರು, ಯೋಚನೆಯನ್ನೂ ಮಾಡದೆ, ನನ್ನ ಎಲೆಗೆ ಅನ್ನ ಹಾಕುತ್ತ. “ಅಷ್ಟು ಮರ್ಯಾದೆ ಗೊತ್ತಿದ್ದೋನು.”

ಅವರು ನಕ್ಕರು. ನಾನೂ ನಕ್ಕೆ. ಆದರೆ ಬಟ್ಟೆ ಒಣಗಹಾಕುವಾಗಲೋ ಬಸ್ಸಿನಲ್ಲಿ ಕೂತಾಗಲೋ, ನಾನು ಇಂದಿಗೂ ಆ ಸಣ್ಣ ಮೌನದಲ್ಲಿ ಕಾಲು ಏಳದೆ ನಿಂತಿರುತ್ತೇನೆ, ಅವರು ಏನು ಉತ್ತರ ಕೊಡುತ್ತಾರೋ ಎಂದು ಕಾಯುತ್ತ.