ತಪ್ಪುಕಾಣಿಕೆ ಕಟ್ಟದ ದೂಜಣ್ಣ

ಮುಂಬಯಿಯ ಭಾಂಡುಪಿನ ನಮ್ಮ ಚಾಳಿನಲ್ಲಿ ಕೊನೆಯ ಖೋಲಿ ದೂಜಣ್ಣನದು. ಅವರಿಗೆ ಈಗ ಐವತ್ತೆರಡು ವರ್ಷ. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ದೋಸೆ ಹಿಟ್ಟು ನೋಡಿಕೊಳ್ಳುತ್ತಿದ್ದಾರೆ. ಇಲ್ಲಿ ಬರೆದಿರುವುದು ಅವರೂ ಅವರ ಹೆಂಡತಿ ವಸಂತಿಯಕ್ಕನೂ ಹೇಳಿದ ಸಂಗತಿ. ಆಸ್ಪತ್ರೆಯ ವಿಷಯವನ್ನು ಮಾತ್ರ ಕಾಗದ ನೋಡಿ, ಎರಡು ಸಲ ಕೇಳಿ ಬರೆದಿದ್ದೇನೆ.

ಹಿಟ್ಟು ನೋಡಿಕೊಳ್ಳುವುದು ಎಂದರೆ ಬರೀ ರುಬ್ಬುವುದಲ್ಲ. ಮೇ ತಿಂಗಳಲ್ಲಿ ಐದು ಗಂಟೆಯಲ್ಲಿ ಉಬ್ಬುವ ಹಿಟ್ಟು ಜನವರಿಯಲ್ಲಿ ಹತ್ತು ಗಂಟೆ ಬೇಡುತ್ತದೆ. ದೂಜಣ್ಣ ಗಡಿಯಾರ ನೋಡುವುದಿಲ್ಲ. ಪಾತ್ರೆಯ ಹೊರಮೈಗೆ ಅಂಗೈ ಇಟ್ಟು, ಮುಚ್ಚಳ ತೆಗೆದು ಒಮ್ಮೆ ಮೂಸಿ, "ಆಯ್ತು" ಅಥವಾ "ಇನ್ನೂ ಇಲ್ಲ" ಎನ್ನುತ್ತಾರೆ. ಅವರು ಆಯ್ತು ಎನ್ನುವವರೆಗೆ ಕಾವಲಿಗೆ ಹಿಟ್ಟು ಬೀಳುವುದಿಲ್ಲ.

ಆ ಹೋಟೆಲಿಗೆ ಒಂದು ಕಟ್ಟುಪಾಡು ಉಂಟು. ಈಗಿನ ಧಣಿ ಹಿತೇಶ್ ಅವರ ತಂದೆ ಮಾಡಿದ್ದು. ಹೊಸದಾಗಿ ಸೇರುವವರು ಗಲ್ಲಾದ ಮೇಲಿರುವ ಊರಿನ ದೈವದ ಪಟದ ಮುಂದೆ ವೀಳ್ಯದೆಲೆ ಹಿಡಿದು, ಕುಡಿಯುವುದಿಲ್ಲ ಎಂದು ಪ್ರಮಾಣ ಮಾಡಬೇಕು. ಮಾತು ತಪ್ಪಿದವರು ಎಲ್ಲರೆದುರು ತಪ್ಪು ಒಪ್ಪಿಕೊಂಡು, ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಪಟದ ಮುಂದೆ ಇಡಬೇಕು. ಅದೇ ತಪ್ಪುಕಾಣಿಕೆ. ಅದನ್ನು ಇಟ್ಟ ಮೇಲೆ ಯಾರೂ ಆ ಮಾತು ಎತ್ತಬಾರದು. ಅಲ್ಲಿಯವರೆಗೆ ಬೆಂಕಿಯ ಹತ್ತಿರ, ಹಿಟ್ಟಿನ ಹತ್ತಿರ ಹೋಗುವಂತಿಲ್ಲ. ಹಾಗೆ ಇಬ್ಬರು ಕಾಣಿಕೆ ಇಟ್ಟು ಕೆಲಸಕ್ಕೆ ಮರಳಿದ್ದನ್ನು ದೂಜಣ್ಣ ನೋಡಿದ್ದರು.

ಹೋದ ವರ್ಷ ಹೋಟೆಲಿನ ಮೇಲಿನ ಹಾಲ್‌ನಲ್ಲಿ ಕೆಲಸಗಾರರಿಗಾಗಿ ಆರೋಗ್ಯ ಶಿಬಿರ ನಡೆಯಿತು. ದೂಜಣ್ಣನ ಹೊಟ್ಟೆಯ ಸೋನೋಗ್ರಫಿ ಮಾಡಿದವನು ಪರದೆಯಿಂದ ಕಣ್ಣು ತೆಗೆಯದೆ, "ಲಿವರ್ ಮೇ ಚರಬಿ ಹೈ. ದಾರೂ ಕಮ್ ಕರೋ, ಚಾಚಾ" ಎಂದ. ಲಿವರಿನಲ್ಲಿ ಕೊಬ್ಬು ಉಂಟು, ಕುಡಿಯುವುದು ಕಡಿಮೆ ಮಾಡಿ ಎಂದು. ಸಾಲಿನಲ್ಲಿ ಹದಿನಾಲ್ಕು ಜನ ನಿಂತಿದ್ದರು. ಎಲ್ಲರಿಗೂ ಕೇಳಿಸಿತು.

ಚಹಾ ಕೌಂಟರಿನ ರೋಶನ್ ಮೊದಲು ನಕ್ಕವನು. "ಎಂತ ದೂಜಣ್ಣ, ನಮಗೊಂದು ಗ್ಲಾಸ್ ಕೊಡದೆ ಒಬ್ಬರೇ ಖತಮ್ ಮಾಡಿದ್ರಾ?"

ಅದು ತಮಾಷೆ. ಆದರೆ ಹಿಂದಿನಿಂದ ಯಾರೋ ಹೇಳಿದ್ದು ತಮಾಷೆಯಲ್ಲ. "ಅವರ ಅಪ್ಪ ಕಳ್ಳು ಇಳಿಸುವವರಲ್ವಾ? ರಕ್ತದಲ್ಲೇ ಉಂಟು ಮಾರಾಯ."

ದೂಜಣ್ಣ ತಿರುಗಿ ನಿಂತರು. "ಅಪ್ಪ ಮೂವತ್ತು ವರ್ಷ ಮರ ಹತ್ತಿ ಕಳ್ಳು ಇಳಿಸಿದ್ದು ಹೌದು. ಒಂದು ಹನಿ ನಾಲಿಗೆಗೆ ಇಟ್ಟವರಲ್ಲ. ನಾನೂ ಇಟ್ಟವನಲ್ಲ. ಹೇಳಿದ್ದು ಯಾರು, ಮುಂದೆ ಬಂದು ಹೇಳಿ."

ಯಾರೂ ಮುಂದೆ ಬರಲಿಲ್ಲ. ಮಧ್ಯಾಹ್ನ ಹಿತೇಶ್ ಅವರನ್ನು ಗಲ್ಲಾದ ಹತ್ತಿರ ಕರೆದರು. ಹಿತೇಶ್ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು, ಕೆಟ್ಟವರಲ್ಲ. ಗಲಾಟೆ ಎಂದರೆ ಅವರಿಗೆ ಆಗುವುದಿಲ್ಲ.

"ಟೆನ್ಶನ್ ತಗೊಳ್ಬೇಡಿ ದೂಜಣ್ಣ. ಒಂದು ಕಾಣಿಕೆ ಇಟ್ಬಿಡಿ, ನಾಳೆಯಿಂದ ಮೊದಲಿನ ಹಾಗೇ. ಯಾರು ಕೇಳ್ತಾರೆ?"

"ಮಾಡದ ತಪ್ಪಿಗೆ ಕಾಣಿಕೆ ಇಟ್ಟರೆ, ದೈವದ ಮುಂದೆ ಸುಳ್ಳು ಹೇಳಿದ ಹಾಗಾಗುವುದಿಲ್ವಾ ಧಣಿ?"

"ರಿಪೋರ್ಟ್ ಉಂಟಲ್ಲ!"

"ರಿಪೋರ್ಟಿನಲ್ಲಿ ಚರಬಿ ಅಂತ ಉಂಟು. ಕುಡಿದಿದ್ದೇನೆ ಅಂತ ಇಲ್ಲ."

ಅವತ್ತಿನಿಂದ ಅವರನ್ನು ಬಟಾಟೆ ಸುಲಿಯಲು ಹಿತ್ತಿಲ ಬಾಗಿಲ ಹತ್ತಿರ ಕೂರಿಸಿದರು. ಹಿಟ್ಟಿಗೆ ಬೇರೆಯವರು ಬಂದರು. ಕಾಣಿಕೆ ಇಟ್ಟರೆ ಮರುದಿನವೇ ಹಿಟ್ಟು ಕೈಗೆ ಬರುತ್ತಿತ್ತು, ಹೆಸರು ಹೋಗುತ್ತಿತ್ತು. ದೂಜಣ್ಣ ಬಟಾಟೆ ಸುಲಿದರು.

ಮನೆಯಲ್ಲಿ ವಸಂತಿಯಕ್ಕ ಎರಡು ದಿನ ಏನೂ ಕೇಳಲಿಲ್ಲ. ಮೂರನೇ ದಿನ ಊಟ ಬಡಿಸುತ್ತಾ ಮೆಲ್ಲಗೆ ಹೇಳಿದರು: "ನೋಡಿ, ಇದ್ದರೆ ನನ್ನ ಹತ್ತಿರ ಹೇಳಿ. ನಾನು ಯಾರಿಗೂ ಹೇಳುವುದಿಲ್ಲ."

ದೂಜಣ್ಣ ಅನ್ನಕ್ಕೆ ಕೈ ಹಾಕದೆ ಎದ್ದರು. ಆ ಮಾತನ್ನು ನೆನೆದು ವಸಂತಿಯಕ್ಕ ಈಗಲೂ ಕಣ್ಣು ಒರೆಸಿಕೊಳ್ಳುತ್ತಾರೆ. ಕೈಯಲ್ಲಿ ರಿಪೋರ್ಟ್ ಇದ್ದಾಗ ಹಾಗೆ ಕೇಳಿದ್ದು ತಪ್ಪೆಂದು ಅವರಿಗೂ ಆಗ ಅನ್ನಿಸಿರಲಿಲ್ಲವಂತೆ.

ವಾರದ ರಜೆಯ ದಿನ ದೂಜಣ್ಣ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದರು. ಲಿವರ್ ವಿಭಾಗದಲ್ಲಿ ಡಾಕ್ಟರ್ ಹರಿಣಿ ಎಂಬವರು ಸಿಕ್ಕಿದರು. ಅವರ ಅಜ್ಜನ ಊರು ಕುಂದಾಪುರ, ಕನ್ನಡ ಅರ್ಥವಾಗುತ್ತದೆ, ಮಾತು ತಡವರಿಸುತ್ತದೆ.

"ನಾನು ಕುಡಿಯುವುದಿಲ್ಲ ಅಂತ ಒಂದು ಕಾಗದ ಬರೆದುಕೊಡಿ ಡಾಕ್ಟ್ರೇ."

ಹರಿಣಿ ನಕ್ಕರು. "ಅಂಕಲ್, ಅದು ಹೇಗೆ ಬರೀಲಿ? ನಾನು ನಿಮ್ಮ ಜೊತೆ ಇರ್ತೀನಾ? ಆದ್ರೆ ಫ್ಯಾಟಿ ಲಿವರ್ ಕುಡಿಯದವರಿಗೂ ಬರ್ತದೆ. ಬಹುತ್ ಜನಕ್ಕೆ ಬರ್ತದೆ. ದಿನಕ್ಕೆ ಎಷ್ಟು ಚಹಾ?"

"ಹತ್ತು. ಕೆಲವು ಸಲ ಹನ್ನೆರಡು."

"ಶುಗರ್ ಹಾಕಿ?"

"ಹೋಟೆಲಿನ ಚಹಾ. ಸಕ್ಕರೆ ಇಲ್ಲದೆ ಯಾರು ಮಾಡ್ತಾರೆ?"

ತೂಕ, ಸಕ್ಕರೆ, ಊಟದ ಹೊತ್ತು ಎಲ್ಲವನ್ನೂ ಕೇಳಿ ಬರೆದುಕೊಂಡ ಮೇಲೆ ಹರಿಣಿ ಇನ್ನೊಂದು ವಿಷಯ ಹೇಳಿದರು. ಹೊಟ್ಟೆಯ ಬ್ಯಾಕ್ಟೀರಿಯಾಕ್ಕೂ ಫ್ಯಾಟಿ ಲಿವರಿಗೂ ಇರುವ ಸಂಬಂಧದ ಮೇಲೆ ಅವರ ವಿಭಾಗದಲ್ಲಿ ಅಧ್ಯಯನ ನಡೆಯುತ್ತಿತ್ತು. ಒಪ್ಪಿದರೆ ಒಂದು ದಿನ ವಾರ್ಡಿನಲ್ಲಿ ಇರಬೇಕು. ಹೊರಗಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುತ್ತಾರೆ. ಆಮೇಲೆ ಗ್ಲೂಕೋಸ್ ನೀರು ಕುಡಿಸಿ ಮತ್ತೆ ತೆಗೆಯುತ್ತಾರೆ. ಮಲವನ್ನೂ ಪರೀಕ್ಷಿಸುತ್ತಾರೆ.

"ಬಾಗಿಲಿಗೆ ಕಾವಲು ಇರ್ತದಾ?" ಎಂದು ಕೇಳಿದರು ದೂಜಣ್ಣ.

"ಸಿಸ್ಟರ್ ಇರ್ತಾರೆ, ಯಾಕೆ?"

"ನಾಳೆ ಯಾರಾದರೂ, ಕಿಟಕಿಯಿಂದ ಬಾಟ್ಲಿ ತರಿಸಿದ ಅಂದರೆ? ನನ್ನನ್ನು ಸಿಸ್ಟರ್ ಕಣ್ಣೆದುರಿನ ಮಂಚದಲ್ಲೇ ಹಾಕಿ."

ಹಾಗೆಯೇ ಹಾಕಿದರು. ಮೂರು ವಾರದ ನಂತರ ಫಲಿತಾಂಶ ಬಂತು. ಹರಿಣಿ ಕಾಗದ ತಿರುಗಿಸಿ ತೋರಿಸುತ್ತಾ, "ಗ್ಲೂಕೋಸ್ ಕೊಟ್ಟ ಮೇಲೆ ನಿಮ್ಮ ಬ್ಲಡ್‌ನಲ್ಲಿ ಸ್ವಲ್ಪ ಆಲ್ಕೋಹಾಲ್ ಸಿಕ್ಕಿದೆ" ಎಂದರು.

ದೂಜಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಇಲ್ಲಿಯೂ ಅದೇ ಮಾತಾ? ನಿಮ್ಮ ಸಿಸ್ಟರನ್ನು ಕರೆಯಿರಿ, ಕೇಳುವ!"

"ಅಂಕಲ್, ಅಂಕಲ್, ಕೂತ್ಕೊಳ್ಳಿ. ನೀವು ಕುಡಿದಿಲ್ಲ. ಅದು... ಕ್ಯಾ ಬೋಲ್ತೇ... ನಿಮ್ಮ ಹೊಟ್ಟೆ ಒಳಗೆ ತಯಾರಾಗಿದೆ."

ಕೆಲವರ ಕರುಳಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೇಕಾದದ್ದಕ್ಕಿಂತ ಹೆಚ್ಚಾಗಿರುತ್ತದೆ. ತಿಂದ ಸಕ್ಕರೆಯಿಂದ ಅದು ಮದ್ಯಸಾರ ಮಾಡುತ್ತದೆ. ಅಮಲು ಬರುವಷ್ಟಲ್ಲ. ಕರುಳಿನಿಂದ ಅದು ನೇರ ಲಿವರಿಗೆ ಹೋಗುತ್ತದೆ, ದಿನಾ ಸ್ವಲ್ಪ ಸ್ವಲ್ಪ. ಲಿವರ್ ಅದನ್ನು ಸುಡಬೇಕು, ಸುಡುತ್ತಾ ಅಲ್ಲಿ ಕೊಬ್ಬು ಕೂಡುತ್ತದೆ. ಹರಿಣಿ ಇನ್ನೂ ಒಂದು ಮಾತು ಸೇರಿಸಿದರು, ಅದನ್ನು ಬಿಡಬಾರದು: ಎಲ್ಲರ ಫ್ಯಾಟಿ ಲಿವರಿಗೂ ಇದು ಕಾರಣವಲ್ಲ, ದೂಜಣ್ಣನಿಗೂ ಇದೊಂದೇ ಕಾರಣ ಎನ್ನಲು ಬರುವುದಿಲ್ಲ. ಸಕ್ಕರೆ ಬಿಡಬೇಕು, ನಡೆಯಬೇಕು, ತೂಕ ಇಳಿಸಬೇಕು, ಮತ್ತೆ ಬರಬೇಕು.

ದೂಜಣ್ಣ ಮತ್ತೆ ಕೂತು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. "ಅಂದರೆ ಹಿಟ್ಟು ಹುಳಿ ಬಂದ ಹಾಗೆ" ಎಂದರು.

"ಎಕ್ಸಾಕ್ಟ್ಲಿ ಅಂಕಲ್! ಹಾಗೇ."

"ಇಪ್ಪತ್ತು ವರ್ಷ ಅದನ್ನೇ ಕಾದಿದ್ದೇನೆ. ಕಣ್ಣಿಗೆ ಕಾಣುವುದಿಲ್ಲ, ಕೆಲಸ ಮಾಡ್ತದೆ. ನನ್ನದೇ ಹೊಟ್ಟೆಯಲ್ಲಿ ಮಾಡಿದ್ದು ಗೊತ್ತಾಗಲಿಲ್ಲ ನೋಡಿ." ಆಮೇಲೆ, "ವಾರ್ಡಿನಲ್ಲಿ ಏನೂ ಕುಡಿಯಲಿಲ್ಲ ಎಂಬುದನ್ನು ಬರೆಯಿರಿ. ಅದು ನೀವು ಕಂಡದ್ದಲ್ವಾ?" ಎಂದರು.

ಹರಿಣಿ ಬರೆದು ಸಹಿ ಹಾಕಿದರು. ಮೊದಲು ಅದನ್ನು ಓದಿದ್ದು ವಸಂತಿಯಕ್ಕ. ಓದಿ, ಅವರೂ ಜೊತೆಗೆ ಹೊರಟರು. ಭಾನುವಾರ ಬೆಳಿಗ್ಗೆ ಇಬ್ಬರೂ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಬಂದರು. ದೂಜಣ್ಣ ಹಿತ್ತಿಲ ಬಾಗಿಲಿಗೆ ಹೋಗಲಿಲ್ಲ. ಮುಂದಿನ ಬಾಗಿಲಿನಿಂದ ಒಳಗೆ ಬಂದು, ಗಲ್ಲಾದ ಎದುರಿನ ಮೇಜಿನಲ್ಲಿ ಗಿರಾಕಿಯ ಹಾಗೆ ಕೂತರು. ಆ ಕುರ್ಚಿಯಲ್ಲಿ ಅವರು ಕೂತದ್ದು ಅದೇ ಮೊದಲು.

ಹಿತೇಶ್ ಕಾಗದ ಓದಿದರು. ಮತ್ತೊಮ್ಮೆ ಓದಿದರು. ರೋಶನ್ ಹೆಗಲ ಮೇಲಿನಿಂದ ಇಣುಕಿ, "ಹೊಟ್ಟೆಯೊಳಗೇ ಬಾರ್ ಇಟ್ಟಿದ್ದೀರಲ್ಲ ದೂಜಣ್ಣ, ಲೈಸನ್ಸ್ ಉಂಟಾ?" ಎಂದ. ಈ ಸಲ ದೂಜಣ್ಣನಿಗೂ ನಗು ಬಂತು.

"ಆಯ್ತಲ್ಲ ದೂಜಣ್ಣ" ಎಂದರು ಹಿತೇಶ್, ದನಿ ತಗ್ಗಿಸಿ. "ಹೇಗೋ ಒಳಗೆ ಇತ್ತು ಅಂತಾಯ್ತು. ತಿಳಿಯದೆ ಆದದ್ದಕ್ಕೂ ನಮ್ಮಲ್ಲಿ ಕಾಣಿಕೆ ಇಡ್ತಾರಲ್ವಾ? ಇಟ್ಬಿಡಿ, ಈಗಲೇ ಹಿಟ್ಟಿಗೆ ಹೋಗಿ. ಆ ಹೊಸಬನ ದೋಸೆ ಕಾವಲಿಯಿಂದ ಏಳ್ತಾ ಇಲ್ಲ."

"ಪ್ರಮಾಣ ಮಾಡಿದ್ದು ಬಾಯಿ, ಧಣಿ. ಬಾಯಿ ಕುಡಿಯಲಿಲ್ಲ. ಬ್ಯಾಕ್ಟೀರಿಯಾ ಪ್ರಮಾಣ ಮಾಡಿದ್ದರೆ ಅದರ ಹತ್ತಿರ ಕಾಣಿಕೆ ಕೇಳಿ."

"ಮತ್ತೆ ನಾನು ಎಂತ ಮಾಡ್ಲಿ?"

"ಇಲ್ಲಿ ತಪ್ಪು ಆಗಿದ್ದು ಉಂಟು. ಕುಡಿಯದವನನ್ನು ಕುಡುಕ ಅಂದದ್ದು ತಪ್ಪು. ಅದು ತಿಳಿಯದೆ ಆದದ್ದು, ನಾನು ಒಪ್ಪುತ್ತೇನೆ. ತಿಳಿಯದೆ ಆದದ್ದಕ್ಕೂ ಕಾಣಿಕೆ ಉಂಟು ಅಂತ ಈಗ ನೀವೇ ಹೇಳಿದ್ರಲ್ಲ."

ಹಿತೇಶ್ ಅವರ ಕಿವಿ ಕೆಂಪಾಯಿತು. "ಧಣಿ ಕಾಣಿಕೆ ಇಡುವುದಾ? ಕೆಲಸದವರ ಎದುರು?"

"ಅವರ ಎದುರೇ ಅಲ್ವಾ ನನ್ನನ್ನು ಬಟಾಟೆಗೆ ಕೂರಿಸಿದ್ದು?"

"ಈಗ ರಶ್ ಉಂಟು. ನೀವು ನಾಳೆ ಬಂದರೆ ಆಗದಾ?" ಎಂದರು ಹಿತೇಶ್.

"ನಾಳೆಯೂ ಇಲ್ಲೇ ಕೂರುತ್ತೇವೆ" ಎಂದು ವಸಂತಿಯಕ್ಕ ಹೇಳಿದರು. "ಎರಡು ಇಡ್ಲಿ ಕೊಡಲಿಕ್ಕೆ ಹೇಳಿ."

ಮೇಜುಗಳೆಲ್ಲ ತುಂಬಿದ್ದವು. ಬಾಗಿಲಲ್ಲಿ ಜನ ಕಾಯುತ್ತಿದ್ದರು. ಹರಿದ ದೋಸೆಯ ತಟ್ಟೆಯನ್ನು ಗಿರಾಕಿಯೊಬ್ಬರು ಎರಡನೇ ಸಲ ವಾಪಸ್ ಕಳಿಸಿದರು. ರೋಶನ್ ಜೇಬಿನಿಂದ ತನ್ನ ಕರವಸ್ತ್ರ ತೆಗೆದು, ಒಂದು ಮೂಲೆಯಲ್ಲಿ ನಾಣ್ಯ ಗಂಟು ಹಾಕಿ ಪಟದ ಮುಂದೆ ಇಟ್ಟ. "ನಾನೂ ನಕ್ಕಿದ್ದೆ. ನನ್ನ ತಪ್ಪು" ಎಂದು ಹೇಳಿ, ಚಹಾ ಕೌಂಟರಿಗೆ ಹೋಗಿ ನಿಂತ.

ಹಿತೇಶ್ ಗಲ್ಲಾದಿಂದ ಒಂದು ನಾಣ್ಯ ತೆಗೆದರು. ಆಮೇಲೆ ಕೆಳಗಿನ ಖಾನೆಯಿಂದ ಒಂದು ಬಿಳಿ ಬಟ್ಟೆಯ ತುಂಡು ಹುಡುಕಿ, ಗಂಟು ಕಟ್ಟಿ, ಪಟದ ಮುಂದೆ ಇಟ್ಟು, "ದೂಜಣ್ಣ ಕುಡಿಯಲಿಲ್ಲ. ತಪ್ಪು ನಮ್ಮದು" ಎಂದರು. ಎದುರಿದ್ದವರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

ದೂಜಣ್ಣ ಕುರ್ಚಿಯಿಂದ ಏಳಲಿಲ್ಲ.

"ಧಣಿ, ಅಡಿಗೆ ಕೋಣೆಯವರೆಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿ."